ಮಳೆಗಾಲಕ್ಕೆ ಒಗ್ಗುವ ಆಪರೇಟಿಂಗ್ ಸಿಸ್ಟಂ

ನಮಸ್ಕಾರ ಎಲ್ಲರಿಗೂ. ಟೇಬಲ್ ಮೇಲೆ ಕಾಣುತ್ತಿರುವ ಈ ಕಪ್ಪು ಡಬ್ಬ ಒಂದು ಹಳೇ ಆಫೀಸ್ ಡೆಸ್ಕ್‌ಟಾಪ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ಇಂಟೆಲ್ ಐ5, ನಾಲ್ಕನೇ ಜನರೇಷನ್, 8 ಜಿಬಿ ರ‍್ಯಾಮ್. ಹಾರ್ಡ್ ಡಿಸ್ಕ್ ಜೊತೆಗೆ ಒಂದು ಎಸ್‌ಎಸ್‌ಡಿ ಹಾಕಿದ್ದೇನೆ. ಇದಕ್ಕೆ ಯಾವ ಆಪರೇಟಿಂಗ್ ಸಿಸ್ಟಂ ಹಾಕೋದು, ಇವತ್ತು ಅದೇ ಮಾತು.

ಇದರಲ್ಲಿ ಮೊದಲು ಇದ್ದದ್ದು ವಿಂಡೋಸ್ 10. ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡರೆ ಅಲ್ಲಿಂದ ಒಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಈಚೆಯದು ಬೇಕು. ರೂಫಸ್ ಅನ್ನೋ ಟೂಲ್‌ನಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವಾಗ ಒಂದು ಟಿಕ್ ಹಾಕಿ ಈ ತಪಾಸಣೆ ದಾಟಿಸಬಹುದು. ಆದರೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಸುಮ್ನೆ ಆಟ ಆಡೋಕೆ ಸರಿ. ಮನೆಯವರು ಬ್ಯಾಂಕ್ ಕೆಲಸ ಮಾಡೋ ಮೆಷಿನ್‌ಗೆ ನಾನಂತೂ ಹಾಕಲ್ಲ.

ಹಾಗಾಗಿ ಲಿನಕ್ಸ್, ಅಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಹಲವು ಬಗೆ. ಯಾವ ಲಿನಕ್ಸ್ ಬೆಸ್ಟ್ ಅಂತ ಹುಡುಕಿದರೆ ನೂರು ವಿಡಿಯೋ ಸಿಗುತ್ತವೆ. ಫೈಬರ್ ನೆಟ್ ಇಟ್ಟುಕೊಂಡು ಬೆಂಗಳೂರಿನಲ್ಲಿ ಕೂತವರ ಲೆಕ್ಕ ಬೇರೆ. ಚಿಕ್ಕಮಗಳೂರು ಕಡೆ ಜೂನ್ ಬಂತು ಅಂದರೆ ಲೆಕ್ಕವೇ ಬದಲಾಗುತ್ತದೆ. ತೋಟದ ದಾರಿಯಲ್ಲಿ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರೇ ಬಲ್ಲ. ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ನೆಟ್ಟೂ ಹೋಗುತ್ತದೆ. ಅದಕ್ಕೇ ನಾನು ನೋಡೋದು ಎರಡೇ: ನೆಟ್ ಎಷ್ಟು ಕುಡಿಯುತ್ತದೆ, ಅರ್ಧದಲ್ಲಿ ಕರೆಂಟ್ ಹೋದರೆ ಹೇಗೆ ಎದ್ದು ನಿಲ್ಲುತ್ತದೆ.

ಆರ್ಚ್ ಅನ್ನೋ ಲಿನಕ್ಸ್ ನನಗೆ ಇಷ್ಟವೇ. ಆದರೆ ಅದು ರೋಲಿಂಗ್ ಜಾತಿ, ಹೊಸ ವರ್ಷನ್‌ಗಳು ದಿನವೂ ಬರುತ್ತಲೇ ಇರುತ್ತವೆ. ಮಳೆಗಾಲ ಪೂರ್ತಿ ಅಪ್‌ಡೇಟ್ ಮಾಡದೆ ಬಿಟ್ಟರೆ, ಕಟ್ಟದೆ ಉಳಿದ ಚೀಟಿ ಕಂತಿನ ಥರ ಎಲ್ಲಾ ಒಟ್ಟಿಗೆ ಬಂದು ಕೂರುತ್ತದೆ. ಉಬುಂಟು ಅನ್ನೋ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ ಮಿಂಟ್ ಒಳ್ಳೆಯ ಆಯ್ಕೆ. ಪೇಟೆಯಲ್ಲಿ ಇರುವವರು, ವಿಂಡೋಸ್‌ನಿಂದ ಹೊಸದಾಗಿ ಬರುವವರು ಯೋಚನೆ ಮಾಡದೆ ಅದನ್ನೇ ಹಾಕಿಕೊಳ್ಳಿ.

ನಾನು ಹಾಕಿದ್ದು ಡೆಬಿಯನ್ 13 ಅನ್ನೋ ಲಿನಕ್ಸ್. 2025ರ ಆಗಸ್ಟ್‌ನಲ್ಲಿ ಬಂದದ್ದು. 1993ರಿಂದ ನಡೆದು ಬಂದಿರುವ ಪ್ರಾಜೆಕ್ಟ್, ಅದರ ಹಿಂದೆ ಯಾವ ಕಂಪನಿಯೂ ಇಲ್ಲ. ಇದರಲ್ಲಿ ನನಗೆ ಬೇಕಾಗಿದ್ದು ಡಿವಿಡಿ ಇಮೇಜ್, ಅಂದರೆ ಡಿವಿಡಿಯಲ್ಲಿ ಇರುವುದೆಲ್ಲಾ ಸೇರಿದ ಒಂದೇ ಫೈಲ್. ನೆಟ್ ಚೆನ್ನಾಗಿರುವ ಕಡೆ ಒಮ್ಮೆ ಇಳಿಸಿಕೊಂಡರೆ ಡೆಸ್ಕ್‌ಟಾಪ್ ಸಮೇತ ಪೂರ್ತಿ ಇನ್‌ಸ್ಟಾಲ್ ನೆಟ್ ಇಲ್ಲದೆಯೇ ಆಗುತ್ತದೆ. ಆಮೇಲೆ ಬರುವುದು ಬಹುಪಾಲು ಸೆಕ್ಯುರಿಟಿ ಮತ್ತು ದೋಷ ಸರಿಪಡಿಸುವ ಅಪ್‌ಡೇಟ್ ಮಾತ್ರ. ಸಾಫ್ಟ್‌ವೇರ್ ಸ್ವಲ್ಪ ಹಳೇದಿರುತ್ತದೆ ಅಂತ ಮೂಗು ಮುರಿಯುವವರಿದ್ದಾರೆ. ಇರಲಿ ಬಿಡಿ, ಮೆಷಿನ್ನೂ ಹಳೇದೇ ಅಲ್ವಾ? ಒಂದು ಮಾತು, 32 ಬಿಟ್ ಪ್ರೊಸೆಸರ್ ಇರುವ ತೀರಾ ಹಳೇ ಕಂಪ್ಯೂಟರ್‌ಗೆ 13ರಲ್ಲಿ ಇನ್‌ಸ್ಟಾಲರ್ ಇಲ್ಲ.

ಈಗ ಸ್ಕ್ರೀನ್ ನೋಡಿ. ಅಪ್‌ಡೇಟ್ ಇಳಿದಿದೆ, ಒಂದೊಂದೇ ಪ್ಯಾಕೇಜ್ ಸೆಟಪ್ ಆಗುತ್ತಿದೆ, ಸಾಲುಗಳು ಓಡುತ್ತಿವೆ. ಬೇಕಂತಲೇ ಪ್ಲಗ್ ಎಳೆಯುತ್ತಿದ್ದೇನೆ. ನೀವು ಮಾಡಬೇಡಿ. ಮತ್ತೆ ಆನ್ ಮಾಡಿದೆ. ಇದು ಎಕ್ಸ್ಟ್4 ಫೈಲ್ ಸಿಸ್ಟಂ, ಅಂದರೆ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ. ಮಾಡಲಿರುವ ಬದಲಾವಣೆಯನ್ನು ಮೊದಲೇ ಜರ್ನಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಎದ್ದ ಮೇಲೆ ಅದನ್ನು ನೋಡಿ ಸರಿಮಾಡಿಕೊಳ್ಳುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲೂ ಇಂಥದ್ದು ಇದೆ, ಸುಳ್ಳು ಹೇಳಬಾರದು. ನನಗೆ ಹಿಡಿಸಿದ್ದು ಮುಂದಿನದು. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಅಪ್‌ಡೇಟ್ ಮುಂದುವರಿಸಲು ಹೋದರೆ, ಕೆಲಸ ಅರ್ಧಕ್ಕೆ ನಿಂತಿದೆ, ಈ ಕಮಾಂಡ್ ಕೊಡಿ ಅಂತ ಅದೇ ಬರೆದು ತೋರಿಸುತ್ತದೆ. ಕೊಟ್ಟೆ. ಬಿಟ್ಟಲ್ಲಿಂದ ಶುರುವಾಯಿತು. ಆದರೆ ಸೇವ್ ಮಾಡದ ಫೈಲನ್ನು ಯಾವ ಜರ್ನಲ್ಲೂ ಉಳಿಸಲ್ಲ. ಆರು ನಿಮಿಷ ತಡೆಯುವ ಸಣ್ಣ ಯುಪಿಎಸ್ ಆದರೂ ಇಟ್ಟುಕೊಳ್ಳಿ.

ಇನ್ನು ಕನ್ನಡ. ಅಮ್ಮ ಮಹಿಳಾ ಸಂಘದ ಕಾಗದಪತ್ರ ಎಲ್ಲಾ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟವರು. ವರ್ಡ್ ಥರದ ಲಿಬ್ರೆ ಆಫೀಸ್‌ನಲ್ಲಿ ಒಂದು ಹಳೇ ಫೈಲ್ ತೆರೆದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. "ಇದೇನೋ ಇದು, ನನ್ನ ನಡಾವಳಿ ಪುಸ್ತಕ ಎಲ್ಲಿ ಹೋಯ್ತೋ?" ಅಂದರು. ಹಾಳಾಗಿಲ್ಲ. ಹಳೇ ನುಡಿ ಫೈಲುಗಳು ಯೂನಿಕೋಡ್, ಅಂದರೆ ಎಲ್ಲಾ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ, ಅಲ್ಲ; ಕನ್ನಡದ ಆಕಾರ ಇರೋದು ಆ ಫಾಂಟ್‌ನಲ್ಲಿ. ಹಳೇ ಡಿಸ್ಕ್‌ನಿಂದ ನುಡಿ ಫಾಂಟ್ ಫೈಲುಗಳನ್ನು ತಂದು ಫಾಂಟ್ ಫೋಲ್ಡರ್‌ಗೆ ಹಾಕಿದೆ, ಅಕ್ಷರ ವಾಪಸ್ ಬಂತು. ಹೊಸದಾಗಿ ಬರೆಯೋಕೆ ಐಬಸ್ ಅನ್ನೋ ಟೈಪಿಂಗ್ ಟೂಲ್‌ನಲ್ಲಿ ಕೆಜಿಪಿ ಲೇಔಟ್ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆ, ಅಮ್ಮನ ಬೆರಳಿಗೆ ರೂಢಿ ಇರುವುದೇ. ಇದರಲ್ಲಿ ಬರೆದದ್ದು ಯೂನಿಕೋಡ್, ನೇರ ವಾಟ್ಸಾಪ್‌ಗೂ ಹಾಕಬಹುದು.

ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ 10 ಹಾಗೇ ಇದೆ, ನೆಟ್ ಕೊಡದೆ, ಅಪ್ಪನ ಟ್ಯಾಲಿಗೆ ಮಾತ್ರ. ಎರಡನ್ನೂ ಇಟ್ಟುಕೊಳ್ಳುವವರು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಅದು ಪೂರ್ತಿ ಶಟ್‌ಡೌನ್ ಆಗಿರಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯೋಕೆ ಬಿಡಲ್ಲ. ಗಡಿಯಾರವೂ ತಕರಾರು ಮಾಡಬಹುದು. ವಿಂಡೋಸ್ ಮದರ್‌ಬೋರ್ಡ್‌ನಲ್ಲಿ ನಮ್ಮ ಸಮಯವನ್ನೇ ಬರೆಯುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ, ಬರೆಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಲೆಕ್ಕ ಬರೆಯಲು ಕೂತರೆ ವಿಂಡೋಸ್ ಮೂರೂವರೆ ತೋರಿಸುತ್ತಿತ್ತು. ಡೆಬಿಯನ್‌ಗೆ ಲೋಕಲ್ ಟೈಮ್ ಬಳಸು ಅಂತ ಒಂದು ಸೆಟ್ಟಿಂಗ್ ಕೊಟ್ಟೆ, ಮುಗಿಯಿತು.

ನೀವು ಹಾಕುವ ಮೊದಲು, ಇನ್‌ಸ್ಟಾಲ್ ಮಾಡದೆಯೇ ಓಡುವ ಲೈವ್ ಪೆನ್‌ಡ್ರೈವ್‌ನಿಂದ ಒಮ್ಮೆ ಬೂಟ್ ಮಾಡಿ ನೋಡಿ. ಡಿಸ್ಕ್ ಮುಟ್ಟಬೇಡಿ. ವೈಫೈ ಹಿಡಿಯುತ್ತಾ, ಪ್ರಿಂಟರ್‌ನಿಂದ ಹಾಳೆ ಬರುತ್ತಾ, ಸ್ಪೀಕರ್ ಕೇಳುತ್ತಾ, ಇಷ್ಟು ಗೊತ್ತಾದ ಮೇಲೆ ಇನ್‌ಸ್ಟಾಲ್ ಒತ್ತಿ.