ಮಿಡಿ ಕೊಯ್ಯುವಾಗ ಕೂಸು, ಸುಮ್ಮನೆ ಹತ್ತಿದರೆ ಗಂಡುಬೀರಿ

ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವಳು ನಾನು. ನಮ್ಮ ಮನೆಮಾತಿನಲ್ಲಿ ಕೂಸು ಅಂದರೆ ಹುಡುಗಿ. ಊರಿಗೆಲ್ಲ ನಾನು ಗಂಡುಬೀರಿ. ಆ ಬೈಗುಳದ ಹಿಂದಿನ ಲೆಕ್ಕಾಚಾರ ಹಿಡಿಯಲು ನನಗೆ ವರ್ಷಗಳೇ ಬೇಕಾದವು. ಮರ ಹತ್ತಿದ್ದಕ್ಕೆ ಯಾರೂ ಬೈದದ್ದಲ್ಲ. ಕೇಳದೆ ಹತ್ತಿದ್ದಕ್ಕೆ ಬೈದದ್ದು.

ಉಪ್ಪಿನಕಾಯಿಗೆ ಕಾಡುಮಾವಿನ ಮಿಡಿ ಕೊಯ್ಯುವ ಸಮಯ ಗೊತ್ತಲ್ಲ? ಕೋಲಿನಲ್ಲಿ ಬಡಿದು ಉದುರಿಸುವ ಹಾಗಿಲ್ಲ. ತೊಟ್ಟು ಸಮೇತ ಕೈಯಲ್ಲೇ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಮೆಲ್ಲ ಕೆಳಗಿಳಿಸಬೇಕು. ಪೆಟ್ಟು ತಿಂದ ಒಂದು ಮಿಡಿ ಸಾಕು, ಭರಣಿಗೆ ಭರಣಿಯೇ ಹಾಳು. ತುದಿ ಗೆಲ್ಲಿಗೆ, ಅಂದರೆ ಕೊಂಬೆಗೆ, ಹೋಗಲು ಹಗುರದವರೇ ಆಗಬೇಕು, ನಮ್ಮ ಅಣ್ಣಂದಿರಿಗೋ ಕೆಂಪಿರುವೆ ಕಂಡರೆ ಜೀವ ಬಾಯಿಗೆ. ಆಗ ಅಜ್ಜಿಯೇ ಬುಡದಲ್ಲಿ ನಿಂತು, "ಕೂಸೇ, ರಜ್ಜ ಆ ಪಡು ಹೊಡೆಯ ಗೆಲ್ಲು ನೋಡು!" (ಸ್ವಲ್ಪ ಆ ಪಶ್ಚಿಮ ಬದಿಯ ಕೊಂಬೆ ನೋಡು) ಅನ್ನುತ್ತಿದ್ದರು. ಸೊನೆ ಹಾರಿ ಕೆನ್ನೆ ಸುಟ್ಟರೆ ತೆಂಗಿನೆಣ್ಣೆ ಹಚ್ಚುತ್ತಿದ್ದವರೂ ಅವರೇ. ನಾನು ಲಂಗವನ್ನು ಕಚ್ಚೆಯ ಹಾಗೆ ಸಿಕ್ಕಿಸಿಕೊಂಡದ್ದು ಅವತ್ತು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮರುದಿನ ಅದೇ ಗೆಲ್ಲಿನಲ್ಲಿ ಸುಮ್ಮನೆ ಕಾಲು ಇಳಿಬಿಟ್ಟು ಕೂತೆ ಅನ್ನಿ. "ಇಳಿ ಕೆಳ! ಕೂಸುಗೊ ಮರ ಹತ್ತುಲಾಗ!" ಹುಡುಗಿಯರು ಮರ ಹತ್ತಬಾರದಂತೆ!

ಬಿದ್ದರೆ ಎಂಬ ಭಯ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು, ಇರಬೇಕಾದದ್ದೇ. ಅಡಿಕೆ ಮರದಿಂದ ಬಿದ್ದು ಸೊಂಟ ಕಳಕೊಂಡ ಗಂಡಸರನ್ನು ನೋಡಿ ಬೆಳೆದವರು ನಾವು. ಆದರೆ ಆ ಭಯ ಮಿಡಿ ಕೊಯ್ಯುವ ದಿನ ರಜೆ ಹಾಕುತ್ತಿತ್ತು.

ಇನ್ನೊಂದು ತಮಾಷೆ ಕೇಳಿ. ತೆಂಗಿನಕಾಯಿ ಕೊಯ್ಯಲು ಜನ ಸಿಗದೆ ಕೇರಳ ಪೂರ್ತಿ ಕಂಗಾಲಾಗಿದ್ದಾಗ, 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಶುರುಮಾಡಿತು. ಯಂತ್ರ ಹಿಡಿದು ಮರ ಹತ್ತಲು ಹೆಂಗಸರಿಗೂ ಕಲಿಸಿದರು. ಪೇಪರಿನಲ್ಲಿ ಫೋಟೋ ಬಂತು, ಅವರೆಲ್ಲ ಸಾಧಕಿಯರಾದರು. ಆಗಲಿ, ನನಗೆ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.) ಮನೆಗೆ ಬೇಕಾದಾಗ ಅಜ್ಜಿಯ ಅಪ್ಪಣೆ, ನಾಡಿಗೆ ಬೇಕಾದಾಗ ಮಂಡಳಿಯ ಅಪ್ಪಣೆ, ಅಷ್ಟೇ ವ್ಯತ್ಯಾಸ.

2021ರ ಡಿಸೆಂಬರಿನಲ್ಲಿ ಕಲ್ಲಿಕೋಟೆ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಶಾಲೆಯಲ್ಲಿ ಹುಡುಗಿಯರಿಗೂ ಪ್ಯಾಂಟು-ಶರ್ಟು ಯೂನಿಫಾರ್ಮ್ ಬಂದಾಗ ಎಷ್ಟು ಗಲಾಟೆ ಆಯಿತು! ಓಡಲು ಆರಾಮ, ಒಳ್ಳೆಯದೇ. ಆದರೆ ನಾನು ಲಂಗದಲ್ಲೇ ಹತ್ತಿದವಳು, ನನ್ನನ್ನು ಇಳಿಸಿದ್ದು ಲಂಗ ಅಲ್ಲ. ಸಂಜೆ ನಾಲ್ಕರ ಮೇಲೆ ಅಣ್ಣನಿಗೆ ಗುಡ್ಡೆ, ನನಗೆ ಪಾತ್ರೆ. ಪ್ಯಾಂಟು ಹಾಕಿದ ಹುಡುಗಿಯನ್ನು ಈಗ ಗುಡ್ಡೆಗೆ ಕಳಿಸುತ್ತೀರಾ, ಅದನ್ನು ಹೇಳಿ.

ಯಕ್ಷಗಾನದ ಆಟಕ್ಕೆ ಬನ್ನಿ. ಹುಡುಗಿ ಪುಂಡುವೇಷ (ತರುಣ ವೀರನ ಪಾತ್ರ) ಕಟ್ಟಿ ದಿಗಿಣ ಹಾರಿದರೆ, ಅಂದರೆ ಸುತ್ತುತ್ತಾ ಜಿಗಿದರೆ, ಚಪ್ಪಾಳೆಯೋ ಚಪ್ಪಾಳೆ. ವೇಷ ಕಳಚಿ ಅದೇ ಠೀವಿಯಲ್ಲಿ ಅಂಗಳ ದಾಟಿದರೆ, "ಏನಿದು ನಡಿಗೆ?" ಗಂಡಸರ ಸ್ತ್ರೀವೇಷಕ್ಕೂ ಅಷ್ಟೇ, ರಂಗಸ್ಥಳದಲ್ಲಿ ಮರ್ಯಾದೆ, ಮನೆಗೆ ಬಂದರೆ ಗೇಲಿ.

ಮಲ್ಲಿಗೆ ಕಟ್ಟುವುದರಲ್ಲಿ ನಮ್ಮೆಲ್ಲರಿಗಿಂತ ಚುರುಕಾಗಿದ್ದವನು ನನ್ನ ಮಾವನ ಮಗ. ನನಗಾದರೂ ವರ್ಷಕ್ಕೊಮ್ಮೆ ಮಿಡಿಯ ನೆಪ ಇತ್ತು, ಅವನಿಗೆ ಅದೂ ಇರಲಿಲ್ಲ. ಮುಂದಿನ ಸಲ ನನ್ನ ಬದಲು ಅವನನ್ನೇ ಮಾತಿಗೆ ಕೂರಿಸುವ ಆಲೋಚನೆ ಇದೆ. ಸದ್ಯಕ್ಕೆ "ನೋಡುವ" ಅಂದಿದ್ದಾನೆ.