ಕೋಲದ ಬಗ್ಗೆ ಕೇಳುವಾಗ ಕೂಲಿಯ ಬಗ್ಗೆಯೂ ಕೇಳಿ

ಎಲ್ಲರಿಗೂ ನಮಸ್ಕಾರ. ಈ ಮಳೆಗೆ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯಿಂದೆಲ್ಲ ಇಷ್ಟು ಜನ ಬರ್ತೀರಿ ಅಂತ ನಾನು ಎಣಿಸಿರ್ಲಿಲ್ಲ. ಊರಿಗೊಂದು ಸಮುದಾಯ ರೇಡಿಯೋ ಮಾಡ್ಬೇಕು ಅಂತ ಹೊರಟದ್ದು ಒಳ್ಳೇದೇ. ಆದ್ರೆ ನಿಮ್ಮ ಕಾರ್ಯಕ್ರಮದ ಪಟ್ಟಿ ನೋಡಿದೆ, ಬೆಳಿಗ್ಗೆ ಏಳಕ್ಕೆ ಕಲೆ-ಸಂಸ್ಕೃತಿ, ಸಂಜೆ ಐದಕ್ಕೆ ಸಾಮಾಜಿಕ ನ್ಯಾಯ. ಅಲ್ಲಿಯೇ ನನ್ನ ತಕರಾರು. ಬೆಳಿಗ್ಗೆ ಕೋಲದಲ್ಲಿ, ಅಂದ್ರೆ ದೈವದ ನೇಮದಲ್ಲಿ, ಭೂತ ಕಟ್ಟುವವರನ್ನು ಕರೆಸಿ ಬೆನ್ನಿಗೆ ಕಟ್ಟುವ ಅಣಿ, ಬಣ್ಣ, ನುಡಿಕಟ್ಟು ಅಂತ ಕೇಳಿ ಕಳಿಸುದು, ಸಂಜೆ ಯಾರೋ ವಕೀಲರನ್ನೋ ಮಾಷ್ಟ್ರನ್ನೋ ಕೂರಿಸಿ ಅದೇ ಜನರ ಹಕ್ಕಿನ ಬಗ್ಗೆ ಭಾಷಣ ಮಾಡಿಸುದು, ಇದೆಂತ ಕ್ರಮ ಮಾರಾಯ್ರೇ?

ನಮ್ಮ ಪಾಡ್ದನಗಳನ್ನೇ, ತುಳುವಿನ ಕಥೆಯ ಹಾಡುಗಳನ್ನೇ ತಗೊಳ್ಳಿ. ಕೋಟಿ ಚೆನ್ನಯರ ಕಥೆಯಲ್ಲಿ ಇರುದು ಎಂತ? ಬಲ್ಲಾಳನ ಕಾಲಿನ ಗಾಯ ವಾಸಿ ಮಾಡಿದ ದೇಯಿ ಬೈದೆತಿ, ಆಮೇಲೆ ಅವಳ ಮಕ್ಕಳಾದ ಕೋಟಿ ಚೆನ್ನಯರಿಗೂ ಬಲ್ಲಾಳನ ಮಂತ್ರಿ ಬುದ್ಯಂತನಿಗೂ ಗದ್ದೆಯ ನೀರಿಗೆ ಜಗಳ, ಸಲ್ಲಬೇಕಾದ್ದು ಕೊಡಿ ಅಂತ ಬಲ್ಲಾಳನ ಬೀಡಿಗೆ, ಅಂದ್ರೆ ಅರಮನೆಗೆ, ಹೋಗಿ ಕೇಳುದು. ನ್ಯಾಯದ ಮಾತೇ ಅಲ್ವಾ ಅದು? ಇನ್ನು ಕೊರಗ ಸಮುದಾಯದಲ್ಲಿ ಹುಟ್ಟಿ ದೈವವಾದ ಕೊರಗಜ್ಜ. ಕಾಸರಗೋಡಿಂದ ಉಡುಪಿಯವರೆಗೆ ಎಲ್ಲ ಜಾತಿಯವರೂ ಹರಕೆ ಹೇಳ್ತೇವೆ, ಚಕ್ಕುಲಿ, ವೀಳ್ಯ, ಕಳ್ಳು ಇಟ್ಟು ಕೈ ಮುಗೀತೇವೆ, ಆದ್ರೆ ಅದೇ ಕೊರಗರನ್ನು ಜಗಲಿಗೆ ಹತ್ತಿಸ್ಲಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ, ಕೊರಗರನ್ನು ಕೀಳಾಗಿ ಕಂಡು ಬಿಟ್ಟಿ ದುಡಿಸುವ ಅಜಲು ಪದ್ಧತಿ ನಿಲ್ಲಿಸ್ಲಿಕ್ಕೆ ಅಂತಲೇ 2000ದಲ್ಲಿ ಕಾನೂನು ತರಬೇಕಾಯ್ತು. ಹಾಗಾಗಿ ಕೊರಗರ ಡೋಲಿನ ಬಗ್ಗೆ ಪ್ರೋಗ್ರಾಂ ಮಾಡುವಾಗ ತಾಳ, ಲಯ ಕೇಳಿ, ಅದರ ಜೊತೆಗೇ ಯಾರು ಕರೆಸ್ತಿದ್ರು, ಎಲ್ಲಿ ನಿಲ್ಲಿಸ್ತಿದ್ರು, ಊಟ ಎಲ್ಲಿ ಬಡಿಸ್ತಿದ್ರು, ಈಗ ನಿಮ್ಮ ಮನೆಯ ಹುಡುಗರು ಡೋಲು ಮುಟ್ಲಿಕ್ಕೆ ಒಪ್ತಾರಾ, ಇಲ್ಲಾಂದ್ರೆ ಯಾಕೆ, ಅದನ್ನೂ ಕೇಳಿ. ಹೇಳ್ಲಿಕ್ಕೆ ಮನಸ್ಸಿಲ್ಲ ಅಂದ್ರೆ ಬಿಟ್ಟುಬಿಡಿ, ಒತ್ತಾಯ ಬೇಡ.

ರೂಲ್ಸಿನ ವಿಷಯ ಸ್ವಲ್ಪ ಹೇಳ್ತೇನೆ. ರೇಡಿಯೋ ತರಂಗ ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಆದ್ರೆ ಲೈಸೆನ್ಸ್ ಮೊದ್ಲು ಸಿಕ್ಕಿದ್ದು ಕಾಲೇಜು, ಯೂನಿವರ್ಸಿಟಿಗಳಿಗೆ, ಊರಿನ ಸಂಘಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ಕೋಲಾರದ ಬೂದಿಕೋಟೆಯವರು ಅಷ್ಟು ಕಾಯ್ಲಿಲ್ಲ, ಲೈಸೆನ್ಸ್ ಇಲ್ಲದ ಕಾಲದಲ್ಲೇ ಕೇಬಲ್ ಎಳೆದು 'ನಮ್ಮ ಧ್ವನಿ' ಅಂತ ಮನೆಮನೆಗೆ ಕೇಳಿಸಿದ್ರು. 2008ರಲ್ಲಿ ಈಗಿನ ತೆಲಂಗಾಣದ ಮಾಚನೂರಲ್ಲಿ ದಲಿತ ಹೆಂಗಸರು ಸಂಘಂ ರೇಡಿಯೋ ಶುರು ಮಾಡಿದ್ರು, ಬೀಜದ ಮಾತು, ಹಬ್ಬದ ಹಾಡು ಎಲ್ಲ ಅವರ ಬಾಯಲ್ಲೇ. ಸ್ವಂತ ನ್ಯೂಸ್ ಓದ್ಲಿಕ್ಕೆ ಸಮುದಾಯ ರೇಡಿಯೋಗೆ ಪರ್ಮಿಶನ್ ಇಲ್ಲ, ಕಾರ್ಯಕ್ರಮದಲ್ಲಿ ಅರ್ಧವಾದ್ರೂ ಊರಿನವರು ಸೇರಿ ಮಾಡಿದ್ದಾಗಿರ್ಬೇಕು. ಅಂದ್ರೆ ನಿಮ್ಮ ಕೈಲಿ ಉಳಿಯುದು ಮಾತುಕತೆಯೇ. ವೇಷ ಕಟ್ಟದೆ ಕೂತು ಮಾತಿನಲ್ಲೇ ವಾದ ಮಾಡುವ ತಾಳಮದ್ದಳೆ ಕೇಳಿ ಬೆಳೆದ ಊರಿನವರಿಗೆ ಪ್ರಶ್ನೆ ಹಾಕುದು ಹೇಗೆ, ಉತ್ತರ ಕೊಡುದು ಹೇಗೆ ಅಂತ ನಾನು ಹೇಳಿ ಕೊಡ್ಬೇಕಾ? ಒಂದೇ ಅರ್ಥಧಾರಿಗೆ, ಅಂದ್ರೆ ಒಬ್ಬನೇ ಮಾತಾಡುವವನಿಗೆ, ಅರ್ಧ ಗಂಟೆ ಕೊಡ್ಬೇಡಿ, ಅಷ್ಟೇ.

ರೆಕಾರ್ಡಿಂಗ್ ಎಲ್ಲಿ ಮಾಡುದು? ಸ್ಟುಡಿಯೋಗೆ ಬನ್ನಿ ಅಂದ್ರೆ ಬೀಡಿ ಕಟ್ಟುವವರು ಬರುದಿಲ್ಲ, ಅವರಿಗೆ ಆ ಹೊತ್ತಿನ ಬೀಡಿಯ ಲೆಕ್ಕ ಹೋಗ್ತದೆ, ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುದು ಯಾವಾಗ? 1976ರಲ್ಲಿ ಆಕಾಶವಾಣಿ ಮಂಗಳೂರು ಶುರುವಾದ ಮೇಲೆ ಎಷ್ಟೋ ಮನೆಯಲ್ಲಿ ಬೀಡಿ ಕಟ್ತಾ ಕಟ್ತಾ ರೇಡಿಯೋ ಕೇಳಿದ ಹೆಂಗಸರು ಇವರು, ಈಗ ಅವರ ಮಾತು ಕೇಳ್ಲಿಕ್ಕೆ ನೀವೇ ಅವರ ಜಗಲಿಗೆ ಹೋಗಿ. ಮಡಿಲಲ್ಲಿ ಗೆರಸೆ, ಎಲೆ ಕತ್ತರಿಸುವ ಕಚಕಚ ಸದ್ದು, ಅದನ್ನು ಎಡಿಟಲ್ಲಿ ತೆಗಿಬೇಡಿ. ಆ ಅಕ್ಕಂದಿರಲ್ಲಿ ವಯಸ್ಸಾದವರಿಗೆ ಗದ್ದೆ ಕೆಲ್ಸದಲ್ಲಿ ಹಾಡುವ ಓಬೇಲೆ, ಪಾಡ್ದನ ಬರ್ತದೆ, ಸಣ್ಣವರಿಗೆ ಬರುದಿಲ್ಲ. ಯಾಕೆ ಅಂದ್ರೆ ಗದ್ದೆ ಹೋಗಿ ಅಡಿಕೆ ತೋಟ ಆಯ್ತು, ಭತ್ತದ ನೇಜಿ ನೆಡುವ ಕೆಲ್ಸ ಇಲ್ಲ, ಹಾಡ್ಲಿಕ್ಕೆ ಜಾಗ ಎಲ್ಲಿ? ಸಂಸ್ಕೃತಿ ಉಳಿಸಿ ಅಂತ ಮೈಕಲ್ಲಿ ಹೇಳುವವರು ಗದ್ದೆಯ ಸುದ್ದಿಯೇ ಎತ್ತುದಿಲ್ಲ.

ಗೇರು ತೋಟಕ್ಕೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನಿನ ವಿಷಯ ನಿಮಗೆ ನಾನು ಹೇಳ್ಬೇಕಾಗಿಲ್ಲ. ಎಣ್ಮಕಜೆ, ಪಡ್ರೆಯ ಮಕ್ಕಳ ಫೋಟೋ ದೇಶವೆಲ್ಲ ನೋಡಿತು, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಅಂತ್ಲೂ ಹೇಳಿತು. ರೇಡಿಯೋದಲ್ಲಿ ಫೋಟೋ ತೋರಿಸ್ಲಿಕ್ಕೆ ಆಗುದಿಲ್ಲ, ಅದು ಒಳ್ಳೇದೇ ಆಯ್ತು. ಆ ಅಮ್ಮನ ಹತ್ರ ಅಳುವ ಮಾತು ಹೊರಡಿಸ್ಲಿಕ್ಕೆ ಹೋಗ್ಬೇಡಿ. ಬೆಳಿಗ್ಗೆ ಎದ್ದು ಎಂತೆಲ್ಲ ಮಾಡ್ತೀರಿ, ಪೆನ್ಶನ್ ಯಾವ ತಿಂಗಳಿದ್ದು ಬಂತು, ಆಸ್ಪತ್ರೆಗೆ ಹೋಗುವ ದಿನ ಮನೆಯಲ್ಲಿ ಯಾರಿರ್ತಾರೆ, ಮಗನಿಗೆ ಯಾವ ಪದ ಹೇಳಿದ್ರೆ ಖುಷಿ ಅಂತ ಕೇಳಿ.

ಭಾಷೆಯೂ ಹಾಗೇ. ತುಳು, ಬ್ಯಾರಿ, ಹವ್ಯಕ, ಕೊಂಕಣಿ, ಮರಾಟಿ, ಮಲಯಾಳ, ಅವರವರ ಬಾಯಿಗೆ ಬಂದದ್ರಲ್ಲಿ ಮಾತಾಡ್ಲಿ. ಸರಕಾರಿ ಕಾಗದ ಮಲಯಾಳದಲ್ಲಿ ಬಂದು ಅಯಲ್ಕೂಟದಲ್ಲಿ, ಅಂದ್ರೆ ನೆರೆಕರೆಯ ಹೆಂಗಸರ ಕೂಟದಲ್ಲಿ, ಯಾರಿಗೂ ಓದ್ಲಿಕ್ಕೆ ಆಗದಿದ್ರೆ ಅದನ್ನು ರೇಡಿಯೋದಲ್ಲಿ ಓದಿ ಅರ್ಥ ಹೇಳಿ. ಕನ್ನಡಕ್ಕೆ ಅನ್ಯಾಯ ಅಂತ ದಿನಾ ಹೇಳುವ ನಾವು ಕೊರಗ ಭಾಷೆಗೆ ಐದು ನಿಮಿಷ ಕೊಡದಿದ್ರೆ ಅದು ಶುದ್ಧ ಬೂಟಾಟಿಕೆ.

ಕೊನೆಗೆ ದುಡ್ಡು. ಗೆಸ್ಟ್ ಆಗಿ ಬಂದ ಪ್ರೊಫೆಸರಿಗೆ ಕವರ್ ಕೊಟ್ಟು, ಪಾಡ್ದನ ಹೇಳಿದ ಅಜ್ಜಿಗೆ ಚಾ ಕೊಟ್ಟು ಕಳಿಸುದು ಬೇಡ. ಒಂದು ದಿನದ ಕೂಲಿಗೆ ಕಮ್ಮಿ ಇಲ್ಲದ ಹಾಗೆ ಆ ಅಜ್ಜಿಗೂ ಕೊಡಿ, ರೆಕಾರ್ಡಿಂಗಿನ ಒಂದು ಕಾಪಿ ಮೊಮ್ಮಗನ ಫೋನಿಗೆ ಹಾಕಿ ಕೊಡಿ. ಬಜೆಟಲ್ಲಿ ಆ ಸಾಲು ಮೊದ್ಲು ಬರೀರಿ, ಟ್ರಾನ್ಸ್‌ಮಿಟರ್, ಟವರ್ ಎಲ್ಲ ಆಮೇಲೆ. ಇನ್ನು ಕೇಳುದಿದ್ರೆ ಕೇಳಿ, ಪೆರ್ಲದ ಕಡೆ ಹೋಗುವವರಿಗೆ ಲಾಸ್ಟ್ ಬಸ್ಸಿಗೆ ಇನ್ನೂ ಸ್ವಲ್ಪ ಟೈಮುಂಟು.