ಗಿರಾಕಿಯ ಕಾಲಿಗೆ ದಾರಿ ಗೊತ್ತಿರಬೇಕು

(ತಾಲ್ಲೂಕಿನ ಹೋಟೆಲ್, ಬೇಕರಿ ಮಾಲೀಕರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಕರೆಯೋಲೆಯಲ್ಲಿ ನನ್ನ ಹೆಸರಿನ ಮುಂದೆ ‘ವ್ಯಾಪಾರದಲ್ಲಿ ಶಿಸ್ತು’ ಅಂತ ಹಾಕಿದ್ದಾರೆ. ಅದನ್ನು ಓದಿ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಇವತ್ತು ಬೆಳಿಗ್ಗೆ ಕನ್ನಡಕಕ್ಕಾಗಿ ಮನೆಯೆಲ್ಲ ಜಾಲಾಡಿದವನು ನಾನು. ಶಿಸ್ತು ನನ್ನಲ್ಲಿಲ್ಲ, ನನ್ನ ಹೋಟೆಲಿನಲ್ಲಿದೆ. ಅದೂ ಪೆಟ್ಟು ತಿಂದ ಮೇಲೆ ಬಂದದ್ದು.

ನಮ್ಮ ಹೋಟೆಲು ಬಸ್ ಸ್ಟ್ಯಾಂಡಿನ ಎದುರಿಗಿದೆ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆಯುತ್ತೇವೆ. ಐದು ಮುಕ್ಕಾಲಿಗೆ ಮೊದಲ ಬಸ್ಸಿನ ಕಂಡಕ್ಟರು ಬರುತ್ತಿದ್ದರು. ಎರಡು ಇಡ್ಲಿ, ಸಾಂಬಾರಿನಲ್ಲಿ ಮುಳುಗಿಸಿದ ಒಂದು ವಡೆ, ಸ್ಟ್ರಾಂಗ್ ಕಾಫಿ. ಅವರು ಬಾಯಿಬಿಟ್ಟು ಕೇಳುತ್ತಲೂ ಇರಲಿಲ್ಲ, ಕೂತ ಕೂಡಲೇ ಸಪ್ಲೈಯರ್ ತಂದಿಡುತ್ತಿದ್ದ. ಅವರ ಹಿಂದೆ ಡ್ರೈವರು. ಡ್ರೈವರ ಹಿಂದೆ ಏಳೆಂಟು ಪ್ರಯಾಣಿಕರು. ಅವರಿಬ್ಬರೂ ಒಳಗೆ ಕೂತಿದ್ದಾರೆ ಅಂದಮೇಲೆ ಬಸ್ಸು ತಪ್ಪುವ ಭಯವೇ ಇಲ್ಲ, ಅಲ್ವಾ?

ಒಂದು ವರ್ಷ ತಮ್ಮನ ಮದುವೆ ಬಂತು. ಓಡಾಟ, ನಿದ್ದೆಗೇಡು. ಮದುವೆ ಮುಗಿದರೂ ನನ್ನ ಸೋಮಾರಿತನ ಮುಗಿಯಲಿಲ್ಲ. ಒಂದು ದಿನ ಐದೂವರೆ, ಇನ್ನೊಂದು ದಿನ ಆರು. ಬಾಗಿಲು ತೆಗೆದರೂ ಡಿಕಾಕ್ಷನ್ ಇಳಿದಿರುತ್ತಿರಲಿಲ್ಲ. ಕಂಡಕ್ಟರು ಎರಡು ದಿನ ಮುಚ್ಚಿದ ಶಟರಿಗೆ ಒರಗಿ ನಿಂತು ಹೋದರಂತೆ. ಮೂರನೇ ದಿನ ಕಾಣಲಿಲ್ಲ. ರಜೆ ಹಾಕಿರಬೇಕು ಅಂದುಕೊಂಡೆ. ವಾರ ಬಿಟ್ಟು ನೋಡಿದರೆ ಪಕ್ಕದ ಕ್ಯಾಂಟೀನಿನಲ್ಲಿ ಕೂತಿದ್ದಾರೆ!

“ಏನ್ ಸಾರ್, ನಮ್ಮ ಇಡ್ಲಿ ಬೇಜಾರಾಯ್ತಾ?” ಅಂದೆ.

“ಇಡ್ಲಿ ನಿಮ್ಮದೇ ಚೆನ್ನಾಗಿರುತ್ತೆ ಸ್ವಾಮಿ. ಆದ್ರೆ ನೀವು ಇರ್ತೀರೋ ಇಲ್ವೋ ಅಂತ ಯೋಚನೆ ಮಾಡ್ಬೇಕು. ಅವನು ಇರ್ತಾನೆ” ಅಂದರು.

ಮಾರನೇ ದಿನದಿಂದ ಐದೂವರೆಗೆ ಸರಿಯಾಗಿ ತೆಗೆದೆ. ಅವರು ಬರಲಿಲ್ಲ. ಆರು ತಿಂಗಳಿಗೆ ಅವರಿಗೆ ವರ್ಗವಾಯಿತು. ಹೊಸ ಕಂಡಕ್ಟರಿಗೆ ಡ್ರೈವರೇ ಆ ಕ್ಯಾಂಟೀನು ತೋರಿಸಿದ್ದ. ನೋಡಿ, ಗಿರಾಕಿ ತಲೆಯಿಂದ ಬರೋದಿಲ್ಲ, ಕಾಲಿನಿಂದ ಬರುತ್ತಾನೆ. ಆ ಕಾಲಿಗೆ ಒಂದು ದಾರಿ ರೂಢಿಯಾಗಲು ವರ್ಷ ಬೇಕು. ತಪ್ಪಲು ಮೂರು ದಿನ ಸಾಕು.

ರುಚಿಯದೂ ಇದೇ ಪಾಡು. ನಮ್ಮ ಭಟ್ಟರು ಸಾಂಬಾರಿಗೆ ಉಪ್ಪು ಹಾಕುತ್ತಿದ್ದದ್ದು ಕೈ ಅಂದಾಜಿನಲ್ಲಿ. ಒಳ್ಳೇ ಕೈ, ಸುಳ್ಳು ಹೇಳಬಾರದು. ಆದರೆ ಭಟ್ಟರು ಊರಿಗೆ ಹೋದ ದಿನ ಸಾಂಬಾರಿನ ರುಚಿಯೂ ಅವರ ಜೊತೆ ಬಸ್ಸು ಹತ್ತುತ್ತಿತ್ತು. ಒಂದು ತಕ್ಕಡಿ ತಂದಿಟ್ಟೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಈಗ ಬೇಳೆ ಎಷ್ಟು, ಹುಣಸೆಹಣ್ಣು ಎಷ್ಟು, ಉಪ್ಪು ಎಷ್ಟು ಅಂತ ಒಲೆಯ ಹಿಂದಿನ ಗೋಡೆ ಮೇಲೆ ಬರೆದಿದೆ. ಚಳಿಗಾಲದಲ್ಲಿ ಹಿಟ್ಟು ಬೇಗ ಉಬ್ಬೋದಿಲ್ಲ, ಎರಡು ಗಂಟೆ ಮುಂಚೆ ರುಬ್ಬಬೇಕು ಅನ್ನೋದೂ ಅಲ್ಲೇ ಇದೆ. ಬರೆದವರು ಭಟ್ಟರೇ!

ನಮ್ಮ ಕಸುಬಿನವರಿಗೆ ಎಂ.ಟಿ.ಆರ್. ಬಗ್ಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್, 1924ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿಕೊಂಡು ಬಂದು ಇಲ್ಲಿ ಜಾರಿಗೆ ತಂದರು. ನಾವೂ ಪ್ರವಾಸ ಹೋಗುತ್ತೇವೆ, ಫೋಟೋ ತರುತ್ತೇವೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಅವರಲ್ಲಿ ರವೆ ಇಡ್ಲಿ ಬಂತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರ ಇಳಿಸಿತು, ಆ ದರಕ್ಕೆ ಹಳೇ ಗುಣಮಟ್ಟ ಉಳಿಸಿಕೊಳ್ಳೋದು ಕಷ್ಟವಾಯಿತು. ಆಗ ಪೊಟ್ಟಣದ ಪುಡಿಗಳ ಕಡೆಗೆ ತಿರುಗಿದರು. ನಾನಾಗಿದ್ದರೆ ಸುಮ್ನೆ ಸಾಂಬಾರಿಗೆ ಇನ್ನೊಂದು ಕೊಡ ನೀರು ಸುರಿಯುತ್ತಿದ್ದೆನೇನೋ. ನಗಬೇಡಿ, ನೀವೂ ಸುರಿಯುತ್ತಿದ್ದಿರಿ.

ಹುರುಪಿದ್ದರೆ ಎಲ್ಲ ಆಗುತ್ತದೆ ಅಂತ ಹುಡುಗರಿಗೆ ಭಾಷಣ ಬಿಗಿಯುವವರು ಜಾಸ್ತಿ. ನಾನು ಒಪ್ಪೋದಿಲ್ಲ. ಇಲ್ಲಿ ಅರ್ಧ ಜನ ರೈತರ ಮನೆಯವರು. ನಿಮ್ಮ ಅಮ್ಮ ಡೈರಿಗೆ ಹಾಲು ಹಾಕೋದು ಹುರುಪಿನಿಂದಲೋ? ಬೆಳಿಗ್ಗೆ, ಸಂಜೆ ಎರಡು ಹೊತ್ತು ಹೋಗಲೇಬೇಕು. ಜ್ವರ ಇದ್ದರೂ ಕ್ಯಾನು ಹೋಗುತ್ತದೆ. ಹಸುವಿಗೆ ಭಾನುವಾರ ಗೊತ್ತಿಲ್ಲ, ಡೈರಿಯವರು ಕಾಯೋದಿಲ್ಲ. ಅಂಗಡಿಗೂ ಹಾಗೆ ಹೊತ್ತು ಗೊತ್ತುಮಾಡಿಬಿಡಿ, ಮನಸ್ಸನ್ನು ಕೇಳಲೇಬೇಡಿ. ಕಂಡಕ್ಟರು ನನ್ನ ಮನಸ್ಸು ಹೇಗಿದೆ ಅಂತ ಕೇಳಲಿಲ್ಲವಲ್ಲ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಬೇಗ ಬೇಗ ಹೇಳಿಬಿಡುತ್ತೇನೆ.

ಗಲ್ಲಾ ಬೇರೆ, ಜೇಬು ಬೇರೆ. ಮನೆ ಖರ್ಚಿಗೆ ತಿಂಗಳಿಗೆ ಇಷ್ಟು ಅಂತ ಸಂಬಳದ ಹಾಗೆ ತೆಗೆದುಕೊಳ್ಳಿ. ಮಗ ಬಂದು ಗಲ್ಲಾದಿಂದ ಪೆಟ್ರೋಲಿಗೆ ಎತ್ತಿಕೊಂಡರೆ ಅದನ್ನೂ ಬರೆಯಿರಿ. ಶಟರ್ ಎಳೆಯುವ ಮುಂಚೆ ಲೆಕ್ಕ, ಎಳೆದ ಮೇಲೆ ಅಲ್ಲ. ಜಿಎಸ್‌ಟಿ ಕಾಂಪೊಸಿಶನ್‌ನಲ್ಲಿ, ಅಂದರೆ ವಹಿವಾಟಿನ ಮೇಲೆ ಇಷ್ಟು ಪರ್ಸೆಂಟ್ ಅಂತ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳ ಯೋಜನೆಯಲ್ಲಿ, ಇರುವವರು ಮೂರು ತಿಂಗಳು ಮುಗಿದ ಮೇಲೆ ಮುಂದಿನ ತಿಂಗಳ 18ರೊಳಗೆ ಕಟ್ಟಬೇಕು. 17ರ ರಾತ್ರಿ ಆಡಿಟರಿಗೆ ಫೋನ್ ಮಾಡುವವರು ಈ ಸಭೆಯಲ್ಲೇ ಇದ್ದೀರಿ, ನಾನು ಹೆಸರು ಹೇಳೋದಿಲ್ಲ. ಉದ್ರಿ ಬಗ್ಗೆ… ಉದ್ರಿ ಬಗ್ಗೆ ಊಟದ ಹೊತ್ತಿಗೆ ಮಾತಾಡೋಣ, ಇಲ್ಲಿ ಮೈಕ್ ಇದೆ.

ಆದರೆ ನಾನು ಊಟಕ್ಕೆ ಕೂರುವ ಹಾಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ನಾಲ್ಕು ಗಂಟೆಗೆ ಬೋಂಡಾ. ಈಗಲೇ ಮೂರು ಗಂಟೆ ಆಗಿದೆ.